ಖಾಕಿ ಕಳಚಿದ ಮೇಲೆ

ಸೇನೆಗೆ ಸೇರುವವನ ಮೊದಲ ದಿನದ ಕಾರ್ಯವೇ ಬಟ್ಟೆ ಬದಲಾಯಿಸುವುದು. ಊರಿನಿಂದ ಉಟ್ಟು ಬಂದದ್ದನ್ನು ಕಳಚಿ ಗಂಟು ಕಟ್ಟಿಡುತ್ತಾನೆ. ಅಳತೆ ನೋಡಿ ಕೊಟ್ಟ ಸಮವಸ್ತ್ರವನ್ನು ತೊಡುತ್ತಾನೆ. ಅಂದಿನಿಂದ ಅವನ ಮೈಮೇಲಿನ ಒಂದೊಂದು ಗುಂಡಿಯ ಲೆಕ್ಕವೂ ಪ್ರಭುತ್ವದ ಕಡತ ಸೇರುತ್ತದೆ. ವರ್ಷಗಳು ಕಳೆದು, ಯುದ್ಧ ಮುಗಿದೋ ಸೇವಾವಧಿ ತೀರಿಯೋ, ಅವನು ಹೊರಡುತ್ತಾನೆ. ಆ ದಿನ ಅವನು ಉಟ್ಟು ಹೊರಡುವುದು ಏನನ್ನು? ಅದನ್ನು ಕೊಡಬೇಕಾದವರು ಯಾರು? ಯುದ್ಧಗಳ ಚರಿತ್ರೆ ಬರೆದವರು ಈ ಪ್ರಶ್ನೆಯ ಮುಂದೆ ಹೆಚ್ಚು ಹೊತ್ತು ನಿಂತಿಲ್ಲ. ಕೋಟೆ ಬಿದ್ದ ದಿನಾಂಕ ಅವರಿಗೆ ಮುಖ್ಯ. ಕೋಟೆ ಕಾದವನು ಮನೆಗೆ ಮರಳುವಾಗ ತೊಟ್ಟಿದ್ದ ಅಂಗಿ ಮುಖ್ಯವಲ್ಲ. ಆದರೆ ಪ್ರಭುತ್ವವೊಂದು ತನ್ನ ಸೈನಿಕನನ್ನು ಏನೆಂದು ಭಾವಿಸಿತ್ತು ಎಂಬುದನ್ನು ಅವನನ್ನು ಸೇರಿಸಿಕೊಂಡ ದಿನಕ್ಕಿಂತ ಬೀಳ್ಕೊಟ್ಟ ದಿನವೇ ಸ್ಪಷ್ಟವಾಗಿ ಹೇಳುತ್ತದೆ.

ಈ ವಿಷಯದಲ್ಲಿ ಕನ್ನಡ ಭಾಷೆಯ ಪದಸಂಪತ್ತೇ ಒಂದು ಸಾಕ್ಷ್ಯ. ಯುದ್ಧಕ್ಕೆ ಸಜ್ಜಾಗುವುದನ್ನು ಹೇಳಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಕಾಸೆ ಕಟ್ಟುವುದು, ಗಂಡುಗಚ್ಚೆ ಹಾಕುವುದು, ಟೊಂಕ ಕಟ್ಟುವುದು, ನಡುಕಟ್ಟಿ ನಿಲ್ಲುವುದು ಎಲ್ಲವೂ ಉಡುವ ಕ್ರಿಯೆಗಳೇ. ಎಲ್ಲವೂ ಕಾದಾಟದಿಂದ ಹೊರಟು ದಿನಬಳಕೆಯ ನುಡಿಗಟ್ಟುಗಳಾಗಿವೆ. ವೀರಗಾಸೆಯೆಂಬ ಜನಪದ ಕುಣಿತದ ಹೆಸರಿನಲ್ಲಿಯೇ ವೀರನ ಕಾಸೆ ಇದೆ. ಆದರೆ ಆ ಕಾಸೆಯನ್ನು ಬಿಚ್ಚಿ ಸಾದಾ ಪಂಚೆ ಉಡುವುದಕ್ಕೆ ಇಂಥದೊಂದು ನುಡಿಗಟ್ಟು ಹುಡುಕಿದರೂ ಸಿಗುವುದು ಕಷ್ಟ. ಕಟ್ಟುವ ಮಾತು ಹತ್ತು, ಬಿಚ್ಚುವ ಮಾತು ಒಂದೂ ಇಲ್ಲ.

ಇಂದು ಸಮವಸ್ತ್ರಧಾರಿಯ ಸಾದಾ ಉಡುಪಿಗೆ ಕನ್ನಡದಲ್ಲಿ ಬಳಕೆಯಲ್ಲಿರುವುದು ‘ಮಫ್ತಿ’. ಅರಬ್ಬಿಯಲ್ಲಿ ಮುಫ್ತಿಯೆಂದರೆ ಧರ್ಮಶಾಸ್ತ್ರದ ಪ್ರಕಾರ ತೀರ್ಪು ಹೇಳುವ ಪಂಡಿತ. 19ನೆಯ ಶತಮಾನದ ಆರಂಭಕ್ಕೆ ಈ ಪದ ಬ್ರಿಟಿಷ್ ಸೇನಾಧಿಕಾರಿಗಳ ಬಾಯಲ್ಲಿ ಬಿಡುವಿನ ವೇಳೆಯ ಉಡುಪು ಎಂಬ ಅರ್ಥ ತಾಳಿತ್ತು. ಅಧಿಕಾರಿಗಳು ಮನೆಯಲ್ಲಿ ತೊಡುತ್ತಿದ್ದ ಉದ್ದನೆಯ ನಿಲುವಂಗಿಯೂ ಕುಚ್ಚಿನ ಟೋಪಿಯೂ ನಾಟಕರಂಗದ ಮುಫ್ತಿಯ ವೇಷವನ್ನು ನೆನಪಿಸುತ್ತಿದ್ದುದೇ ಇದಕ್ಕೆ ಕಾರಣವಿರಬೇಕೆಂದು ನಿಘಂಟುಕಾರರು ಊಹಿಸಿದ್ದಾರೆ. ಇಂಗ್ಲಿಷಿನಲ್ಲಿ ವಿರಾಮವನ್ನು ಸೂಚಿಸಿದ ಪದ ಕನ್ನಡಕ್ಕೆ ಬಂದಾಗ ಅರ್ಥವನ್ನೇ ಮಗುಚಿ ಹಾಕಿತು. ‘ಮಫ್ತಿಯಲ್ಲಿದ್ದ ಪೊಲೀಸರು’ ಎಂದು ಪತ್ರಿಕೆ ಬರೆದರೆ ಅವರು ಬಿಡುವಿನಲ್ಲಿದ್ದರೆಂದು ಯಾವ ಓದುಗನೂ ತಿಳಿಯುವುದಿಲ್ಲ. ಯಾರನ್ನೋ ಹಿಡಿಯಲು ಹೊಂಚು ಹಾಕಿದ್ದರೆಂದೇ ತಿಳಿಯುತ್ತಾನೆ. ಅಂದರೆ ಕನ್ನಡದಲ್ಲಿ ಮಫ್ತಿ ತೊಟ್ಟವನು ಇನ್ನೂ ಕೆಲಸದ ಮೇಲಿದ್ದಾನೆ, ಸಾದಾ ಬಟ್ಟೆ ಅವನ ಮರೆ. ಖಾದಿ, ಖಾಕಿ, ಕಾವಿ ಎಂದು ನಮ್ಮ ಸಾರ್ವಜನಿಕ ಭಾಷಣಗಳು ಅಧಿಕಾರದ ಮೂರು ಬಟ್ಟೆಗಳನ್ನು ಪ್ರಾಸಬದ್ಧವಾಗಿ ಎಣಿಸುತ್ತವೆ. ಖಾಕಿಯಿಂದ ಹೊರಬಂದವನ ಬಟ್ಟೆಗೆ ಆ ಪ್ರಾಸದಲ್ಲಿ ಜಾಗವಿಲ್ಲ.

ಹಳಗನ್ನಡ ಕಾಲದ ಸೈನಿಕನಿಗೆ ಏನು ಸಿಗುತ್ತಿತ್ತು ಎಂಬುದಕ್ಕೆ ದಕ್ಷಿಣ ಬೆಂಗಳೂರಿನಲ್ಲಿಯೇ ಉತ್ತರವಿದೆ. ಬಿಟಿಎಂ ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು. ‘ಬೆಂಗಳೂರು’ ಎಂಬ ಹೆಸರನ್ನು ಒಂದು ಕಾಳಗದ ನೆಲೆಯಾಗಿ ದಾಖಲಿಸಿದ, ಸುಮಾರು ಕ್ರಿ.ಶ. 890ರ ಶಾಸನ ಇರುವುದು ಈ ಊರಿನಲ್ಲಿ. ಇದೇ ಊರಿನ ಮತ್ತೊಂದು ಪ್ರಸಿದ್ಧ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಕಲ್ಲು ಅದು. ಅವನ ಸಾವಿನ ಸುದ್ದಿ ಕೇಳಿದ ಎರೆಯಪ್ಪ ‘ನಾಗತ್ತರ’ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಶಾಸನ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದುದು ಪಟ್ಟದ ಚಲನೆ. ಒಬ್ಬನು ಮಡಿದಾಗ ಬಿರುದು ಇನ್ನೊಬ್ಬನ ಹಣೆಗೇರುತ್ತದೆ. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಳ್ಚು ಮೊದಲಾದ ಶಾಸನೋಕ್ತ ದತ್ತಿಗಳು ಸತ್ತವನ ರಕ್ತಕ್ಕೂ ತೊಳೆದ ಕತ್ತಿಗೂ ಸಂದ ಬೆಲೆ. ಸೈನಿಕನು ಸೇನೆಯನ್ನು ಬಿಡುವ ದಾರಿ ಈ ಶಾಸನಲೋಕದಲ್ಲಿ ಬಹುಮಟ್ಟಿಗೆ ಒಂದೇ. ಮೂರು ಹಂತದ ವೀರಗಲ್ಲುಗಳ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಇದು ಕಣ್ಣಿಗೇ ಕಾಣುತ್ತದೆ. ಕೆಳಗೆ ಬಿಗಿದು ಕಟ್ಟಿದ ಉಡುಪಿನ, ಆಯುಧ ಹಿಡಿದ ವೀರ. ನಡುವೆ ಅಪ್ಸರೆಯರು ಕರೆದೊಯ್ಯುವ ವೀರ. ಮೇಲೆ ದೇವರ ಸನ್ನಿಧಿಯಲ್ಲಿ ಕೈಮುಗಿದು ಕುಳಿತವನು, ನಿರಾಯುಧ. ಯುದ್ಧದ ವೇಷ ಕಳಚುವುದು ಮೂರನೆಯ ಹಂತದಲ್ಲಿ, ಅಂದರೆ ಸ್ವರ್ಗದಲ್ಲಿ. ಬದುಕುಳಿದು, ಗಾಯ ಮಾಯ್ದು, ವಯಸ್ಸಾಗಿ ಊರಿಗೆ ಹಿಂದಿರುಗಿದವನಿಗೆ ಕಲ್ಲು ನೆಡುವ ಪದ್ಧತಿ ಇರಲಿಲ್ಲ. ಬಟ್ಟೆಯ ಕೊಡುಗೆ ಮಾತ್ರ ನಾಡಿಗೆ ಹೊಸದಲ್ಲ. ‘ಉಡುಗೊರೆ’ ಎಂಬ ಪದದೊಳಗೇ ‘ಉಡು’ ಧಾತು ಕುಳಿತಿದೆ. ಮುಂದೆ ಪಾರಸಿಯ ‘ಖಿಲ್ಲತ್ತು’ ಬಂದು ಅದರ ಜೊತೆ ಸೇರಿತು. ಆದರೆ ಈ ಎರಡೂ ಸೇವೆಯಲ್ಲಿರುವವನನ್ನು ಇನ್ನಷ್ಟು ಹತ್ತಿರಕ್ಕೆ ಕಟ್ಟಿಹಾಕುವ ಬಟ್ಟೆಗಳು. ಬಿಟ್ಟುಕೊಡುವ ಬಟ್ಟೆಯ ಕಥೆ ಬೇರೆ.

ಬದುಕುಳಿದವರನ್ನು ಹೇಗೆ ಕಳುಹಿಸಬೇಕೆಂದು ಯಾರೂ ಯೋಚಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 1799ರ ಮೈಸೂರು ಉದಾಹರಣೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹುಲಿಪಟ್ಟೆಯ ವಿನ್ಯಾಸದ ಅಂಗಿ ತೊಟ್ಟ ಟಿಪ್ಪುವಿನ ಪದಾತಿಗಳ ಸೇನೆ ಒಮ್ಮೆಗೇ ಇಲ್ಲವಾಯಿತು. ಕೋಟೆಯ ಸೆರೆಯಿಂದ ಹೊರಬಂದ ಧೋಂಡಿಯ ವಾಘನು ಉತ್ತರದತ್ತ ಸಾಗುತ್ತ ಚದುರಿದ ಸೈನಿಕರನ್ನು ಕೂಡಿಸಿಕೊಂಡು ದೊಡ್ಡ ಪಡೆಯನ್ನೇ ಕಟ್ಟಿದ. ‘ಎರಡು ಲೋಕಗಳ ಒಡೆಯ’ ಎಂದು ಬಿರುದು ಹೊತ್ತ ಈ ಸಾಹಸಿಯನ್ನು ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಬೇಕಾಯಿತು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಹತನಾದ. ಧೋಂಡಿಯನನ್ನು ದರೋಡೆಗಾರನೆಂದೂ ಸ್ವಾತಂತ್ರ್ಯವೀರನೆಂದೂ ಕರೆದವರಿದ್ದಾರೆ. ಆ ಚರ್ಚೆ ಏನೇ ಇರಲಿ, ಅವನ ಬೆನ್ನಿಗೆ ನಿಂತವರಲ್ಲಿ ಅನೇಕರು ಒಡೆಯನನ್ನೂ ಸಂಬಳವನ್ನೂ ಒಂದೇ ದಿನ ಕಳೆದುಕೊಂಡವರು. ದಿವಾನ್ ಪೂರ್ಣಯ್ಯ ಒಂದಷ್ಟು ಕುದುರೆ ಸವಾರರನ್ನು ಹೊಸ ಸಂಸ್ಥಾನದ ಸಿಲ್ಲೇದಾರ್ ಪಡೆಯಲ್ಲಿ ಉಳಿಸಿಕೊಂಡದ್ದರ ಹಿಂದೆ ಇದೇ ಭಯವೂ ಇದ್ದಿರಬೇಕು.

ಇನ್ನು ಖಾಕಿಯ ಮಾತು. ಸೈನಿಕನನ್ನು ಒಳಗೆ ಕರೆದುಕೊಳ್ಳುವ ಬಟ್ಟೆಯ ಚರಿತ್ರೆಯಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ. ಧೂಳಿನ ಬಣ್ಣವೆಂಬ ಅರ್ಥದ ಈ ಪಾರಸಿ ಮೂಲದ ಪದ ಸೇನೆಯ ಉಡುಪಿಗೆ ಅಂಟಿದ್ದು ವಾಯವ್ಯ ಗಡಿಯಲ್ಲಿ, 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆಯಲ್ಲಿ. ಅಲ್ಲಿ ಬಟ್ಟೆಗೆ ಬಣ್ಣ ಬರುತ್ತಿದ್ದುದು ಕೈಗೆ ಸಿಕ್ಕಿದ ಮಣ್ಣು, ತೊಗಟೆಗಳಿಂದ. ಆ ಬಣ್ಣ ಒಗೆತಕ್ಕೆ ನಿಲ್ಲುವಂತೆ ಮಾಡಿದ ಕೀರ್ತಿಯನ್ನು ದಕ್ಷಿಣ ಕನ್ನಡದ ಇತಿಹಾಸ ಬರಹಗಳು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೂ 1851ರಲ್ಲಿ ಅಲ್ಲಿಗೆ ಬಂದ ನೇಕಾರ ಯೋಹಾನ್ ಹಾಲರನಿಗೂ ಸಲ್ಲಿಸುತ್ತವೆ. ಮಂಗಳೂರಿನ ಪೊಲೀಸರು ಅದನ್ನು ಮೊದಲು ತೊಟ್ಟರೆಂದೂ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ ಅದನ್ನು ಮೆಚ್ಚಿ ಶಿಫಾರಸು ಮಾಡಿದನೆಂದೂ ಆ ಪರಂಪರೆಯ ನಂಬಿಕೆ. ಬೆಂಗಳೂರಿನಲ್ಲಿ 1884ರಲ್ಲಿ ಆರಂಭವಾಗಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು ಸೇನೆಗೆ ಬಟ್ಟೆಯನ್ನೂ ಕಂಬಳಿಯನ್ನೂ ಒದಗಿಸಿತು. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸೀಮೆಯ ರೇಷ್ಮೆ ಪ್ಯಾರಾಚೂಟಿನ ಬಟ್ಟೆಯಾಯಿತು. ಸೈನಿಕನನ್ನು ಮುಚ್ಚಲು, ಬೆಚ್ಚಗಿಡಲು, ಆಕಾಶದಿಂದ ಇಳಿಸಲು ಬೇಕಾದ ಬಟ್ಟೆಯನ್ನೆಲ್ಲ ಈ ನಾಡು ನೇಯ್ದುಕೊಟ್ಟಿತು.

ಬಿಡುಗಡೆಯ ಬಟ್ಟೆಯನ್ನು ಪ್ರಭುತ್ವದ ಹೊಣೆಯೆಂದು ಒಪ್ಪಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದ ದೇಶ ಬ್ರಿಟನ್. ಒಂದನೆಯ ಮಹಾಯುದ್ಧ ಮುಗಿದಾಗ ಅಲ್ಲಿಯ ಸೈನಿಕನಿಗೆ ಎರಡು ಆಯ್ಕೆಗಳಿದ್ದವು: ಒಂದು ಸಾದಾ ಸೂಟು, ಇಲ್ಲವೇ ಬಟ್ಟೆಗೆಂದು 52 ಷಿಲಿಂಗ್ 6 ಪೆನ್ಸ್. ಸೇನೆಯ ದಪ್ಪ ಓವರ್‌ಕೋಟನ್ನು ತೊಟ್ಟೇ ಊರಿಗೆ ಹೋಗಬಹುದಿತ್ತು. ರೈಲು ನಿಲ್ದಾಣದಲ್ಲಿ ಅದನ್ನು ಹಿಂದಿರುಗಿಸಿದರೆ ಒಂದು ಪೌಂಡು ಸಿಗುತ್ತಿತ್ತು. ಆಮೇಲಿನ ವರ್ಷಗಳ ನಿರುದ್ಯೋಗ, ಬೀದಿಯಲ್ಲಿ ಬೆಂಕಿಪೆಟ್ಟಿಗೆ ಮಾರುತ್ತ ನಿಂತ ಮಾಜಿ ಸೈನಿಕರ ಚಿತ್ರ ಬ್ರಿಟಿಷ್ ಜನಮನದಲ್ಲಿ ಅಳಿಸಲಾರದಂತೆ ಉಳಿಯಿತು. ಆದ್ದರಿಂದ ಎರಡನೆಯ ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಬಿಡುಗಡೆಯ ಕ್ರಮವನ್ನು ಪ್ರಕಟಿಸಿದ. ವಯಸ್ಸು ಮತ್ತು ಸೇವಾವಧಿ ಎರಡನ್ನೂ ಲೆಕ್ಕ ಹಾಕಿ ಪ್ರತಿಯೊಬ್ಬನಿಗೂ ಒಂದು ಗುಂಪಿನ ಸಂಖ್ಯೆ; ಸಂಖ್ಯೆಯ ಸರದಿ ಬಂದಾಗ ಬಿಡುಗಡೆ. 1945ರ ಜೂನ್ 18ರಂದು ಆರಂಭವಾದ ಈ ಕಾರ್ಯ 1946ರ ಕೊನೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳುಹಿಸಿತ್ತು.

ಹೊರಡುವ ಮುನ್ನ ಅವರು ಒಂದು ಬಟ್ಟೆಯ ಕೇಂದ್ರವನ್ನು ಹಾದುಹೋಗಬೇಕಿತ್ತು. ಲಂಡನ್ನಿನಲ್ಲಿ ಅದು ಒಲಿಂಪಿಯಾ ಎಂಬ ವಿಶಾಲ ಪ್ರದರ್ಶನಾಂಗಣ. ಸಾಲುಸಾಲು ಕಂಬಿಗಳಿಗೆ ನೇತುಹಾಕಿದ ಸೂಟುಗಳ ನಡುವೆ ಸೈನಿಕನು ನಡೆದು ಆರಿಸಿಕೊಳ್ಳುತ್ತಿದ್ದ: ಕೋಟು, ವೇಸ್ಟ್‌ಕೋಟು, ಪ್ಯಾಂಟುಗಳ ಸೂಟು, ಬೇಡವೆಂದರೆ ಬೇರೆ ಜಾಕೆಟ್ಟು ಮತ್ತು ಫ್ಲಾನೆಲ್ ಪ್ಯಾಂಟು, ಷರಟು ಮತ್ತು ಕಾಲರುಗಳು, ಟೈ, ಟೋಪಿ, ಮಳೆಯಂಗಿ, ಕಾಲುಚೀಲ, ಬೂಟು. ಷರಟಿನ ತೋಳಿಗೆ ಬೇಕಾದ ಗುಂಡಿಗಳನ್ನೂ ಮರೆತಿರಲಿಲ್ಲ. ಎಲ್ಲವನ್ನೂ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೈಗೆ ಕೊಡುತ್ತಿದ್ದರು. ಹೊರಗೆ ಕಾಳಸಂತೆಯ ದಲ್ಲಾಳಿಗಳು ಆ ಪೆಟ್ಟಿಗೆಗಾಗಿಯೇ ಕಾದು ನಿಂತಿರುತ್ತಿದ್ದರು. ಅದಕ್ಕೆ ಕಾರಣವಿತ್ತು. 1941ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ. ಮೊದಲ ವರ್ಷ ಒಬ್ಬನಿಗೆ ಸಿಕ್ಕಿದ್ದು 66 ಕೂಪನ್ನು. ಒಂದು ಪೂರ್ಣ ಸೂಟಿಗೇ 26 ಕೂಪನ್ನು ಬೇಕು. ಮುಂದಿನ ವರ್ಷಗಳಲ್ಲಿ ಕೂಪನ್ನುಗಳ ಸಂಖ್ಯೆ ಇನ್ನೂ ಇಳಿಯಿತು. ಪಡಿತರ ಪೂರ್ತಿ ರದ್ದಾದುದು 1949ರಲ್ಲಿ. ಆ ಕೊರತೆಯ ನಡುವೆ ಕೂಪನ್ನಿಲ್ಲದೆ ಸಿಕ್ಕ ಹೊಸ ಸೂಟು ಸಣ್ಣ ಸಂಗತಿಯಾಗಿರಲಿಲ್ಲ.

ಈ ಸೂಟುಗಳ ಬಹುಪಾಲನ್ನು ಹೊಲಿದವರು ಯುದ್ಧಕಾಲದಲ್ಲಿ ಸಮವಸ್ತ್ರ ಹೊಲಿದವರೇ. ಲೀಡ್ಸ್ ನಗರದ ಬರ್ಟನ್ ಕಾರ್ಖಾನೆ ಅವುಗಳಲ್ಲಿ ದೊಡ್ಡದು. ಅದರ ಸ್ಥಾಪಕ ಮಾಂಟೇಗ್ ಬರ್ಟನ್, ಲಿಥುವೇನಿಯಾದಿಂದ ಬರಿಗೈಯಲ್ಲಿ ವಲಸೆ ಬಂದ ಯಹೂದಿ. ಒಂದೇ ಕೈಗಳು ಖಾಕಿಯನ್ನೂ ಖಾಕಿ ಕಳಚಿದ ಮೇಲಿನ ಬಟ್ಟೆಯನ್ನೂ ಹೊಲಿದುದರಿಂದಲೋ ಏನೋ, ಬಿಡುಗಡೆಯ ಸೂಟೂ ಮತ್ತೊಂದು ಸಮವಸ್ತ್ರವಾಗಿಬಿಟ್ಟಿತು. ಬೀದಿಯಲ್ಲಿ ಎದುರಾದ ಅಪರಿಚಿತನ ಕೋಟಿನ ಪಟ್ಟೆಯನ್ನು ನೋಡಿಯೇ ಅವನು ಎಲ್ಲಿಂದ ಬಂದನೆಂದು ಹೇಳಬಹುದಿತ್ತು. ತೋಳು ಉದ್ದ, ಭುಜ ಜೋತುಬಿದ್ದಿದೆ ಎಂಬ ಹಾಸ್ಯ ರಂಗಭೂಮಿಯವರೆಗೂ ಹೋಯಿತು. ಜೆ.ಬಿ. ಪ್ರೀಸ್ಟ್ಲಿ 1945ರಲ್ಲಿಯೇ ‘ಥ್ರೀ ಮೆನ್ ಇನ್ ನ್ಯೂ ಸೂಟ್ಸ್’ ಎಂಬ ಕಾದಂಬರಿ ಬರೆದ. ಜಮೀನ್ದಾರಿ ಮನೆತನದವನೊಬ್ಬ, ರೈತನ ಮಗನೊಬ್ಬ, ಕೂಲಿಯವನೊಬ್ಬ ಒಂದೇ ಬಗೆಯ ಹೊಸ ಬಟ್ಟೆ ತೊಟ್ಟು ಒಂದೇ ಊರಿಗೆ ಮರಳುತ್ತಾರೆ. ಸೇನೆಯಲ್ಲಿ ಒಂದಾಗಿದ್ದವರನ್ನು ಊರು ಮತ್ತೆ ಬೇರೆಬೇರೆ ಬಾಗಿಲುಗಳಿಗೆ ಕರೆದೊಯ್ಯುವುದೇ ಅಲ್ಲಿಯ ಕಥೆ. ಆಂಟನಿ ಪೊವೆಲ್ಲನ ‘ದಿ ಮಿಲಿಟರಿ ಫಿಲಾಸಫರ್ಸ್’ ಕಾದಂಬರಿ ಮುಗಿಯುವುದೂ ಒಲಿಂಪಿಯಾದ ಬಟ್ಟೆಯ ಸಾಲುಗಳ ನಡುವೆ. ಯುದ್ಧದ ಕೊನೆಯನ್ನು ಸಂಧಿಪತ್ರದಲ್ಲಿ ಕಾಣದೆ ಸೂಟಿನಲ್ಲಿ ಕಂಡ ಈ ಇಬ್ಬರ ನೋಟ ಇತಿಹಾಸಕಾರರ ನೋಟಕ್ಕಿಂತ ಚುರುಕಾದುದು.

ಅದೇ ಸೇನೆಯಲ್ಲಿ ದುಡಿದ ಹೆಂಗಸರಿಗೆ ಪೆಟ್ಟಿಗೆ ಇರಲಿಲ್ಲ. 56 ಕೂಪನ್ನೂ 12 ಪೌಂಡ್ 10 ಷಿಲಿಂಗ್ ನಗದೂ ಸಿಕ್ಕವು. ಹೆಂಗಸರ ಉಡುಪನ್ನು ಸರಕಾರ ಆರಿಸಬಾರದೆಂಬ ವಿವೇಕ ಇದರಲ್ಲಿ ಇದ್ದಿರಬಹುದು. ಗಂಡಸರ ಅಭಿರುಚಿಯ ಬಗೆಗೆ ಮಾತ್ರ ಸರಕಾರಕ್ಕೆ ಅಂಥ ಸಂಕೋಚ ಇದ್ದಂತೆ ಕಾಣುವುದಿಲ್ಲ.

ಬ್ರಿಟಿಷ್ ಸೇನೆಯ ಅದೇ ಯುದ್ಧವನ್ನು ಕಾದಿದ ಇನ್ನೊಂದು ಸೇನೆ ಭಾರತದ್ದು. 1939ರಲ್ಲಿ ಸುಮಾರು 2 ಲಕ್ಷದಷ್ಟಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ದಾಟಿತ್ತು. ಕನ್ನಡ ಮಾತನಾಡುವ ಪ್ರದೇಶ ಆಗ ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ ಮುಂಬೈ, ಮದ್ರಾಸು ಪ್ರಾಂತ್ಯಗಳಲ್ಲಿಯೂ ಕೊಡಗಿನಲ್ಲಿಯೂ ಹರಿದು ಹಂಚಿಹೋಗಿತ್ತು. ಎರಡು ದೊಡ್ಡ ಸೈನಿಕ ಕೇಂದ್ರಗಳು ಇದೇ ನೆಲದಲ್ಲಿದ್ದವು: ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರುಗಳದು, ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ್ದು. ಬರ್ಮಾದಲ್ಲಿಯೂ ಇಟಲಿಯಲ್ಲಿಯೂ ಕಾದಿದವರು ಅಲ್ಲಿಂದ ಊರಿನ ರೈಲು ಹತ್ತಿದರು. ಒಲಿಂಪಿಯಾದ ದೃಶ್ಯ ಮಾತ್ರ ಬ್ರಿಟನ್ನಿನದು. ಬೆಂಗಳೂರಿನ ದಂಡಿನಲ್ಲಿ ಸರದಿಗೆ ಕಾಯುತ್ತಿದ್ದ ಇಂಗ್ಲಿಷ್ ಸೈನಿಕನಿಗೆ ಹಡಗಿನಾಚೆ ಒಂದು ಪೆಟ್ಟಿಗೆ ಕಾದಿತ್ತು.

ಭಾರತದಲ್ಲಿ ಈ ಪ್ರಶ್ನೆ ದಾಖಲಾದುದು ಬಂಡಾಯದ ಬೇಡಿಕೆಯಾಗಿ. 1946ರ ಫೆಬ್ರವರಿ 18ರಂದು ಮುಂಬೈಯ ಸಂಕೇತ ಶಾಲೆ ‘ತಲವಾರ್’ನಲ್ಲಿ ರಾಯಲ್ ಇಂಡಿಯನ್ ನೇವಿಯ ನಾವಿಕರು ಊಟ ನಿರಾಕರಿಸಿ ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಅದು 78 ಹಡಗುಗಳಿಗೂ 20 ದಡದ ನೆಲೆಗಳಿಗೂ ಹಬ್ಬಿ, ಸುಮಾರು 20,000 ನಾವಿಕರನ್ನು ಒಳಗೊಂಡಿತು. ಎಂ.ಎಸ್. ಖಾನ್ ಅಧ್ಯಕ್ಷತೆಯ ಮುಷ್ಕರ ಸಮಿತಿ ಸಿದ್ಧಪಡಿಸಿದ ಬೇಡಿಕೆಗಳ ಪಟ್ಟಿ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಆಜಾದ್ ಹಿಂದ್ ಫೌಜಿನ ಕೈದಿಗಳ ಬಿಡುಗಡೆ, ಇಂಡೊನೇಷ್ಯಾದಿಂದ ಭಾರತೀಯ ಪಡೆಗಳ ವಾಪಸಾತಿ, ನಾವಿಕರನ್ನು ಹೀನಾಯವಾಗಿ ನಿಂದಿಸಿದ ಕಮಾಂಡರ್ ಕಿಂಗ್ ಮೇಲೆ ಕ್ರಮ, ಒಳ್ಳೆಯ ಊಟ, ಬ್ರಿಟಿಷ್ ನಾವಿಕರಿಗೆ ಸಮನಾದ ವೇತನ, ವಯಸ್ಸು ಮತ್ತು ಸೇವೆಯ ಗುಂಪುಗಳ ಪ್ರಕಾರ ಬೇಗನೆ ಬಿಡುಗಡೆ, ಬಿಡುಗಡೆಯಾದವರಿಗೆ ಉದ್ಯೋಗ. ಇವುಗಳ ನಡುವೆ, ಹೆಚ್ಚಿನವರು ಕಣ್ಣಾಡಿಸಿ ಮುಂದೆ ಹೋಗುವ ಒಂದು ಸಾಲಿದೆ: ಬಿಡುಗಡೆಯ ವೇಳೆ ನಾವಿಕರಿಂದ ಉಡುಪಿನ ಕಿಟ್ಟನ್ನು ಹಿಂದಕ್ಕೆ ಪಡೆಯಕೂಡದು.

ರಾಷ್ಟ್ರದ ಭವಿಷ್ಯವನ್ನು ಕುರಿತ ಬೇಡಿಕೆಗಳ ಪಕ್ಕದಲ್ಲಿ ಒಂದು ಜೊತೆ ಪ್ಯಾಂಟಿನ ಬೇಡಿಕೆ! ಈ ನೆರೆಹೊರೆ ಹಾಸ್ಯಾಸ್ಪದವೆಂದು ತೋರಿದರೆ ಅದು ಓದುವವರ ದೋಷ. 1943ರ ಜೂನ್ ತಿಂಗಳಿನಲ್ಲಿಯೇ ಭಾರತ ಸರಕಾರ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆಯನ್ನು ಹೊರಡಿಸಬೇಕಾಗಿ ಬಂದಿತ್ತು. ಗಿರಣಿಗಳ ಉತ್ಪನ್ನದ ದೊಡ್ಡ ಪಾಲನ್ನು ಯುದ್ಧ ನುಂಗಿತ್ತು. ಜನಸಾಮಾನ್ಯರ ಸೀರೆ, ಪಂಚೆಗಳ ಬೆಲೆ ಕೈಗೆಟುಕದಾಗಿತ್ತು. ಬಟ್ಟೆಯಿಲ್ಲದೆ ಹೆಂಗಸರು ಮನೆಯಿಂದ ಹೊರಬರಲಾಗದ ಸ್ಥಿತಿ ಬಂಗಾಳದಲ್ಲಿ ಉಂಟಾಗಿತ್ತು. ಇಂಥ ನಾಡಿಗೆ ಮರಳುವ ನಾವಿಕನ ಕಿಟ್ಟೆಂದರೆ ಮನೆಯ ಮೂರು ಜನರ ವರ್ಷದ ಬಟ್ಟೆ. ಒಬ್ಬನು ಸೇನೆಗೆ ಸೇರುವಾಗ ತೊಟ್ಟು ಬಂದದ್ದು ಅಷ್ಟರಲ್ಲಿ ಹರಿದು ಹೋಗಿರುತ್ತದೆ. ಸೇನೆ ಕೊಟ್ಟದ್ದನ್ನು ಸೇನೆ ಹಿಂದಕ್ಕೆ ಕೇಳಿದರೆ ಅವನು ಬಂದದ್ದಕ್ಕಿಂತ ಬಡವನಾಗಿ ಹೊರಡುತ್ತಾನೆ. ಲೆಕ್ಕದ ಪುಸ್ತಕಕ್ಕೆ ಅದು ಸರಕಾರಿ ಸ್ವತ್ತಿನ ವಾಪಸಾತಿ. ನಾವಿಕನಿಗೆ ಅದು, ನಿನ್ನ ಮೈ ನಮಗೆ ಬೇಕಿದ್ದಷ್ಟು ದಿನ ಮಾತ್ರ ಅದನ್ನು ಮುಚ್ಚುವ ಹೊಣೆ ನಮ್ಮದು ಎಂಬ ಮಾತು. ಅದೇ ತಿಂಗಳುಗಳಲ್ಲಿ, ಅದೇ ಚಕ್ರವರ್ತಿಯ ಹೆಸರಿನಲ್ಲಿ, ಲಂಡನ್ನಿನಲ್ಲಿ ಟೋಪಿಯಿಂದ ಬೂಟಿನವರೆಗೆ ಹೊಸತನ್ನೇ ಹಂಚಲಾಗುತ್ತಿತ್ತು. ಸಾಮ್ರಾಜ್ಯದ ಅಸಮಾನತೆಯನ್ನು ವಿವರಿಸಲು ದೊಡ್ಡ ಸಿದ್ಧಾಂತಗಳನ್ನು ಹೂಡುವವರು ಈ ಎರಡು ಬಟ್ಟೆಗಂಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಫೆಬ್ರವರಿ 23ರಂದು ನಾವಿಕರು ಶರಣಾದರು. ಬಂಡಾಯದ ರಾಜಕೀಯ ಪರಿಣಾಮವನ್ನು ಕುರಿತು ಪುಸ್ತಕಗಳೇ ಬಂದಿವೆ; ಕಿಟ್ಟಿನ ಸಾಲು ಅವುಗಳ ಅನುಬಂಧಗಳಲ್ಲಿ ಉಳಿದಿದೆ.

ಸೇನೆ ಬಿಟ್ಟವನಿಗೆ ಸಮುದಾಯವೇ ಉಡುಪನ್ನು ಸಿದ್ಧವಾಗಿಟ್ಟಿರುವ ಒಂದು ಪ್ರದೇಶ ಕನ್ನಡ ನಾಡಿನಲ್ಲಿದೆ. ಕೊಡಗಿನ ಮನೆಗಳಲ್ಲಿ ಸೇನೆಗೆ ಹೋಗುವುದು ತಲೆಮಾರುಗಳ ರೂಢಿ. ರೆಜಿಮೆಂಟಿನಿಂದ ನಿವೃತ್ತನಾಗಿ ಬಂದವನು ಕೈಲ್‌ಪೊಳ್ದ್ ಅಥವಾ ಪುತ್ತರಿಯ ದಿನ ಕಪ್ಪು ಕುಪ್ಯ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಸುತ್ತಿ, ಪೀಚೆಕತ್ತಿ ಸಿಕ್ಕಿಸಿಕೊಂಡರೆ ಅವನು ಯಾವ ಹುದ್ದೆಯಲ್ಲಿದ್ದನೆಂದು ಬಟ್ಟೆ ಹೇಳುವುದಿಲ್ಲ. ಸುಬೇದಾರನೂ ಕರ್ನಲನೂ ಒಂದೇ ಕುಪ್ಯದಲ್ಲಿ ನಿಲ್ಲುತ್ತಾರೆ. ಆಯುಧವನ್ನು ಪೂರ್ತಿ ಬಿಡದೆ, ಪ್ರಭುತ್ವದ ಗುರುತನ್ನು ಮಾತ್ರ ಬಿಟ್ಟ ಈ ಉಡುಪು ಒಲಿಂಪಿಯಾದ ಸೂಟು ಸಾಧಿಸಲು ಹೊರಟು ಸೋತದ್ದನ್ನು ಸಹಜವಾಗಿ ಸಾಧಿಸಿದೆ. ಇದೇ ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1953ರಲ್ಲಿ ನಿವೃತ್ತರಾಗಿ ಮಡಿಕೇರಿ ಸೇರಿದ ಅವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸಂದಿತು. ಫೀಲ್ಡ್ ಮಾರ್ಷಲ್ ಎಂದೂ ನಿವೃತ್ತನಾಗುವುದಿಲ್ಲವೆಂಬುದು ಸೇನೆಯ ನಿಯಮ. ಜೀವನಪರ್ಯಂತ ಸಮವಸ್ತ್ರ ತೊಡುವ ಹಕ್ಕು ಅವನಿಗಿದೆ. ಮೂರು ದಶಕ ಕಾಲ ನಾಗರಿಕರಾಗಿ ಬದುಕಿದವರಿಗೆ ಸಮವಸ್ತ್ರ ಮರಳಿ ಬಂದ ಅಪರೂಪದ ಪ್ರಸಂಗ ಅದು. ಭಾರತದ ಭೂಸೇನೆಯಲ್ಲಿ ಆ ಪದವಿ ಪಡೆದವರು ಇಬ್ಬರೇ. ಉಳಿದವರೆಲ್ಲ ಒಂದು ದಿನ ಕಳಚಲೇಬೇಕು.

ಕಳಚಿದ ಮೇಲೆ ಮತ್ತೆ ತೊಡುವುದಕ್ಕೆ ಕಾನೂನೂ ಅಡ್ಡ ಬರುತ್ತದೆ. 1860ರ ಭಾರತೀಯ ದಂಡಸಂಹಿತೆಯ 140ನೆಯ ವಿಧಿ, ಸೈನಿಕನಲ್ಲದವನು ತಾನು ಸೈನಿಕನೆಂದು ನಂಬಿಸಲು ಆ ಉಡುಪು ತೊಡುವುದನ್ನು ಅಪರಾಧವೆಂದಿತು. ಹೊಸ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ. ಹದಿನೈದಿಪ್ಪತ್ತು ವರ್ಷ ತೊಟ್ಟವನಿಗೂ ಬಿಡುಗಡೆಯ ಮರುದಿನದಿಂದ ಅದು ಅನ್ವಯಿಸುತ್ತದೆ.

ಈ ನಿಯಮದ ಇನ್ನೊಂದು ಮುಖವನ್ನು ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ದಿನವೂ ನೋಡಬಹುದು. ಎರಡನೆಯ ಯುದ್ಧದ ಬಳಿಕ ಬೆಳೆದ ನಗರಕ್ಕೆಂದು 1948ರಲ್ಲಿ ರೂಪುಗೊಂಡ ಬಡಾವಣೆ ಜಯನಗರ. ಮುಂದೆ ಅದರ ಸುತ್ತ ಬನಶಂಕರಿ, ಜೆ.ಪಿ. ನಗರ, ಬಿಟಿಎಂಗಳು ಬಂದವು. ಒಂಟಿ ಮನೆಗಳು ವಸತಿ ಸಮುಚ್ಚಯಗಳಾದಂತೆ ಪ್ರತಿ ಗೇಟಿಗೂ ಒಬ್ಬ ಕಾವಲುಗಾರ ಬೇಕಾದ. ಸಾಮಾನ್ಯ ಸೈನಿಕನು ಸೇವೆಯಿಂದ ಹೊರಬರುವಾಗ ಅವನಿಗೆ ನಲವತ್ತರ ಆಸುಪಾಸು. ಮಕ್ಕಳ ಶಾಲೆ ಇನ್ನೂ ಮುಗಿದಿರುವುದಿಲ್ಲ, ಪಿಂಚಣಿಯೊಂದೇ ಸಾಲುವುದಿಲ್ಲ. ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯವು ಮಾಜಿ ಸೈನಿಕರ ಭದ್ರತಾ ಸಂಸ್ಥೆಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಹಾಗಾಗಿ ಬ್ಯಾಂಕಿನ ಬಾಗಿಲಲ್ಲಿಯೂ ಆಸ್ಪತ್ರೆಯ ಗೇಟಿನಲ್ಲಿಯೂ ನಿಂತವರಲ್ಲಿ ಸೇನೆಯಿಂದ ಬಂದವರು ಕಡಿಮೆಯಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ ಇಂಥವರಿಗೆ ಆದ್ಯತೆ ನೀಡಬಹುದೆನ್ನುತ್ತದೆ. ಅದೇ ಕಾಯ್ದೆ, ಕಾವಲುಗಾರನ ಉಡುಪು ಸೇನೆಯದನ್ನೋ ಪೊಲೀಸರದನ್ನೋ ಹೋಲಿದರೆ ಅವನಿಗೂ ಸಂಸ್ಥೆಯ ಒಡೆಯನಿಗೂ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಎಂದೂ ವಿಧಿಸುತ್ತದೆ. ಆದ್ದರಿಂದ ತಿಳಿನೀಲಿ ಅಂಗಿ, ಕಡುನೀಲಿ ಪ್ಯಾಂಟು, ಭುಜದ ಮೇಲೆ ಹೊಳೆಯುವ ದಾರ, ಎದೆಯ ಮೇಲೆ ಸಂಸ್ಥೆಯ ಹೆಸರು. ಸೇನೆಯಂತೆ ಕಾಣಬೇಕು, ಸೇನೆಯದಾಗಿರಬಾರದು. ಆ ಉಡುಪಿನ ಬೆಲೆಯನ್ನು ಕಾವಲುಗಾರನ ಸಂಬಳದಿಂದಲೇ ಮುರಿದುಕೊಳ್ಳುವ ರೂಢಿಯೂ ಈ ವೃತ್ತಿಯಲ್ಲಿ ಇಲ್ಲದಿಲ್ಲ. ಮುಂಬೈಯ ನಾವಿಕರು ಕೊಟ್ಟ ಬಟ್ಟೆಯನ್ನು ಹಿಂದಕ್ಕೆ ಕೇಳಬೇಡಿ ಎಂದಿದ್ದರು; ಇಲ್ಲಿ ಕೊಡುವ ಬಟ್ಟೆಗೇ ಬೆಲೆ ಕಟ್ಟಬೇಕು.

ಇದೇ ಬಡಾವಣೆಗಳ ಅಂಚಿನಲ್ಲಿ, ಬೊಮ್ಮನಹಳ್ಳಿಯ ಕಡೆಗೆ, ಹೊಸೂರು ರಸ್ತೆಯ ಉದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ಹೊಲಿಗೆ ಯಂತ್ರಗಳ ಮುಂದೆ ಕುಳಿತವರಲ್ಲಿ ಹೆಂಗಸರೇ ಹೆಚ್ಚು. ಅವರ ಕೈಯಿಂದ ಹೊರಟ ಅಂಗಿ, ಜಾಕೆಟ್ಟುಗಳು ಯೂರೋಪು, ಅಮೆರಿಕದ ಅಂಗಡಿ ಸೇರುತ್ತವೆ. 1945ರಲ್ಲಿ ಲೀಡ್ಸ್ ಮಾಡಿದ ಕೆಲಸದ ಒಂದು ಪಾಲು ಈಗ ಬೆಂಗಳೂರಿನದು.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಹಳೆಯ ಪ್ರಶ್ನೆಗೆ ಹೊಸ ವಯಸ್ಸು ಬಂದಿದೆ. ಅಗ್ನಿವೀರನ ಸೇವೆ ನಾಲ್ಕು ವರ್ಷ; ಒಂದು ತಂಡದಲ್ಲಿ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ಉಳಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ, ಪಿಂಚಣಿಯಿಲ್ಲದೆ ಹೊರಬರುತ್ತಾರೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವೂ ಅಗ್ನಿವೀರರನ್ನು ತರಬೇತುಗೊಳಿಸಿ ಕಳುಹಿಸುತ್ತಿದೆ. 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡಗಳ ನಾಲ್ಕು ವರ್ಷ 2027ರ ಆರಂಭಕ್ಕೆ ತುಂಬುತ್ತದೆ. ಅವರು ನಲವತ್ತರವರಲ್ಲ, ಇಪ್ಪತ್ತೊಂದು, ಇಪ್ಪತ್ತೈದರ ತರುಣರು. ಸೇರುವಾಗ ಊರಿನಿಂದ ತೊಟ್ಟು ಬಂದ ಅಂಗಿ ಅವರಲ್ಲಿ ಹಲವರ ಮೈಗೆ ಈಗಲೂ ಹಿಡಿದೀತು. ಹೊರಬರುವವರಿಗೆಂದು ಸರಕಾರ ಮೊದಲ ವಾರದಲ್ಲಿಯೇ ಪ್ರಕಟಿಸಿದ ಭರವಸೆಗಳಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿಯೂ ಅಸ್ಸಾಂ ರೈಫಲ್ಸ್‌ನಲ್ಲಿಯೂ ಶೇಕಡಾ 10ರ ಮೀಸಲಾತಿ ಇತ್ತು. ಆ ಪಡೆಗಳ ಉಗ್ರಾಣದಲ್ಲಿಯೂ ಮೊದಲ ದಿನ ಅಳತೆ ತೆಗೆದು ಕೊಡುವುದು ಸಮವಸ್ತ್ರವನ್ನೇ.